ಐವತ್ತು ಒಗೆತದ ಮೇಡಂ

ನನ್ನ ಪತಿಯ ಅಂತ್ಯಕ್ರಿಯೆ ಮುಗಿದು, ಬಂಧುಗಳೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಮೇಡಂ ನಮ್ಮ ಮನೆಗೆ ಬಂದರು. ಬಟ್ಟೆಯಲ್ಲಿ ವಿದ್ಯುತ್ ಹರಿಯಲು ಬೆಳ್ಳಿ, ತಾಮ್ರಗಳೇ ಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಇಂಗಾಲ ಲೇಪಿಸಿದ ಹತ್ತಿಯ ನೂಲು ಸಾಕೆಂದು ಹೊರಟು, ಮೂವತ್ತೊಂದು ವರ್ಷ ಅದನ್ನೇ ಹಿಡಿದು ಸಾಧಿಸಿದ ನಮ್ಮ ಜವಳಿ ವಿಭಾಗದ ಹಿರಿಯರು ಅವರು. ನನಗೂ ನನ್ನ ಪತಿಗೂ ಗುರುಗಳು. ಅವರ ನಿವೃತ್ತಿಯ ಈ ಸಂಪುಟಕ್ಕೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಆ ಬೆಳಿಗ್ಗೆಯೇ.

ಸೇವೆಯ ಮೊದಲ ವರ್ಷಗಳಲ್ಲಿ ಅವರೂ ಲೋಹದ ಎಳೆಗಳನ್ನೇ ನೇಯ್ದವರು. ರೋಗಿಗಳ ಎದೆಬಡಿತ ಅಳೆಯುವ ಅಂಗಿ ಹತ್ತೇ ಒಗೆತಕ್ಕೆ ಕೆಟ್ಟು, ಬೆಳ್ಳಿಯ ಪುಡಿ ಚರಂಡಿಯ ಪಾಲಾದದ್ದನ್ನು ಕಂಡ ಮೇಲೆ ಪ್ರಯೋಗಾಲಯಕ್ಕೊಂದು ಬಕೆಟ್ ತಂದಿಟ್ಟರು. ಕೈಯಿಂದ ಐವತ್ತು ಸಲ ಒಗೆದು, ಒಣಗಿಸಿ, ಅಳೆದ ಹೊರತು ಯಾವ ಪ್ರಬಂಧಕ್ಕೂ ಸಹಿ ಹಾಕಲಿಲ್ಲ. "ನಮ್ಮಲ್ಲಿ ಬಕೆಟ್ ಹಿಡಿದವರಿಗೇ ಪದವಿ" ಎಂದು ಅವರೇ ನಗುತ್ತಿದ್ದರು.

ನನ್ನ ಪತಿ ನೇಯ್ದ ಕೈಪಟ್ಟಿಯ ಪರೀಕ್ಷೆ ನಲವತ್ತೊಂದನೆಯ ಒಗೆತಕ್ಕೆ ನಿಂತಿತ್ತು. ಅಷ್ಟಕ್ಕೇ ಪ್ರಬಂಧ ಒಪ್ಪಿಸೋಣವೆಂದು ಸಹೋದ್ಯೋಗಿಗಳು ಸೂಚಿಸಿದ್ದರಂತೆ. ಮೇಡಂ ಕುರ್ಚಿಯ ತುದಿಯಲ್ಲಿ ಕುಳಿತು ಹೇಳಿದರು:

"ಸತ್ತಿದ್ದಾನೆ ಅಂತ ರಿಯಾಯಿತಿ ಕೊಟ್ರೆ ಅವನೇ ಒಪ್ಪಲ್ಲ ಕಣಮ್ಮ. ಇನ್ನೂ ಒಂಬತ್ತಿದೆ. ದಿನಕ್ಕೊಂದು ಒಗಿ. ನನ್ನ ಮೀಟರ್ ಇಸ್ಕೊಂಡು ಬಂದಿದ್ದ, ಇಲ್ಲೇ ಎಲ್ಲೋ ಇರ್ಬೇಕು."

"ಕೆಟ್ಟುಹೋದ್ರೆ?"

"ಕೆಟ್ಟಿತು ಅಂತ ಬರೆಯೋದು."

ಪಟ್ಟಿಯ ವಿದ್ಯುತ್ ರೋಧ ಮುನ್ನೂರು ಓಮ್ ದಾಟಿದರೆ ನನ್ನ ಪತಿಯ ನಾಲ್ಕು ವರ್ಷದ ಕೆಲಸ ಬಿದ್ದಂತೆ. ನಲವತ್ತಾರನೆಯ ಒಗೆತದ ದಿನ ತಡೆಯಲಾಗದೆ ಒದ್ದೆ ಪಟ್ಟಿಯನ್ನೇ ಅಳೆದೆ. ನೂರ ತೊಂಬತ್ತು! ಕೂಡಲೇ ಮೇಡಂಗೆ ಫೋನ್ ಮಾಡಿದೆ.

"ಒಣಗಿದೆಯಾ?"

"ಇಲ್ಲ ಮೇಡಂ."

"ಸರಿಹೋಯ್ತು. ನೀರಲ್ಲೂ ಕರೆಂಟ್ ಹರಿಯುತ್ತೆ ಅಂತ ನಿಂಗೆ ಮೊದಲನೇ ವರ್ಷವೇ ಹೇಳ್ಕೊಟ್ಟಿದ್ದೆ ತಾನೇ? ಒದ್ದೆ ಬಟ್ಟೆ ಸುಳ್ಳು ಹೇಳುತ್ತೆ. ಒಣಗಲಿ ಬಿಡು, ಅವಸರ ಯಾರಿಗಿದೆ?"

ಒಣಗಿದ ಮೇಲೆ ಇನ್ನೂರ ಎಂಬತ್ತೊಂದು.

ಆ ಒಂಬತ್ತು ದಿನ ಬೇರೇನು ಮಾಡಿದೆನೋ ನೆನಪಿಲ್ಲ. ಪ್ರತಿ ಸಂಜೆ ಅವರು ಫೋನ್ ಮಾಡಿ ಸಂಖ್ಯೆ ಕೇಳುತ್ತಿದ್ದರು. "ಹೇಗಿದ್ದೀಯ" ಎಂದು ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ನಾನು ಋಣಿ. ಐವತ್ತನೆಯ ಒಗೆತ ಒಣಗಿದಾಗ ಮೀಟರ್ ಇನ್ನೂರ ತೊಂಬತ್ತಾರು ತೋರಿಸಿತು. ಮೇಡಂ ಬಂದು, ತಾವೇ ಇನ್ನೆರಡು ಸಲ ಅಳೆದು, ಸಹಿ ಹಾಕಿದರು. ಆ ಸಹಿಯಷ್ಟು ಗಟ್ಟಿಯಾಗಿ ಅವರ ಬಾಳೂ ನೂರು ತುಂಬಲಿ; ಬಕೆಟ್ ಬರಿದಾಗದಿರಲಿ.

ಎರಡು ದಿನಕ್ಕೆಂದು ನನ್ನ ಪತಿ ತಂದಿದ್ದ ಮೀಟರನ್ನು ನಿನ್ನೆ ಅವರ ಮೇಜಿನ ಮೇಲಿಟ್ಟು ಬಂದೆ, ಹೊಸ ಬ್ಯಾಟರಿ ಹಾಕಿ.