ಹಾರುವ ಮುನ್ನ ಒಂದು ಉಸಿರು

ಮಗಳು ಪಾತ್ರೆ ತೊಳೆಯಲೆಂದು ವೈಟ್ಟಿಲದ ಅಂಗಡಿಯಿಂದ ರಬ್ಬರ್ ಕೈಗವಸು ತಂದಿದ್ದಾಳೆ. ಪೊಟ್ಟಣ ಒಡೆದದ್ದೇ ತಡ, ಅಡುಗೆಮನೆಯೆಲ್ಲ ಹೊಸ ರಬ್ಬರಿನ ವಾಸನೆ. ನಿಮಗೆ ಅದು ಬರೀ ವಾಸನೆ. ನನಗೆ ಎಪ್ಪತ್ತರ ದಶಕದ ಒಂದು ಮಳೆಗಾಲದ ಬೆಳಗು.

ಆಗ ನಾನು ಕೊಚ್ಚಿಯ ಆಸ್ಪತ್ರೆಯೊಂದರಲ್ಲಿ ಹೊಸ ಡಾಕ್ಟರು. ಊರು ಕಾಸರಗೋಡು; ಓದಿದ್ದು ತಿರುವನಂತಪುರದಲ್ಲಿ, ಉಳ್ಳೂರಿನ ಬಳಿಯ ಮೆಡಿಕಲ್ ಕಾಲೇಜಿನಲ್ಲಿ. ಹಾಸ್ಟೆಲಿನ ಪುಟ್ಟು-ಕಡಲೆ ತಿಂದೇ ಡಾಕ್ಟರಾದವಳು ಎನ್ನಿ. ಆ ವರ್ಷ ಬಿರುಗಾಳಿ ಮಳೆಗೆ ಅರ್ಧ ಕೊಚ್ಚಿ ನೀರಿನಲ್ಲಿ ನಿಂತಿತ್ತು. ಕಲೂರಿನಲ್ಲಿ ಗೋಡೆ ಕುಸಿದು ಎದೆಗೆ ಪೆಟ್ಟಾಗಿದ್ದ ರಾಘವೇಂದ್ರರಾಯರನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಬ್ಯಾಂಕಿನ ನೌಕರರು, ಧಾರವಾಡದವರು. ನಮ್ಮ ಆಪರೇಷನ್ ಥಿಯೇಟರಿಗೆ ನೀರು ನುಗ್ಗಿತ್ತು, ರೈಲು ಹಳಿ ಮುಳುಗಿತ್ತು. ಪರಿಹಾರ ಸಾಮಗ್ರಿ ಇಳಿಸಿದ ಸಣ್ಣ ವಿಮಾನವೊಂದು ತಿರುವನಂತಪುರಕ್ಕೆ ಮರಳುವುದರಲ್ಲಿತ್ತು. ಅದರಲ್ಲೇ ಕಳಿಸುವುದೆಂದಾಯಿತು, ಜೊತೆಗೆ ನಾನು. ವಿಮಾನವನ್ನು ಅಲ್ಲಿಯವರೆಗೆ ನಾನು ಕತ್ತೆತ್ತಿ ನೋಡಿದ್ದೆ, ಅಷ್ಟೆ.

ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಸ್ಟ್ರೆಚರ್ ಇಳಿಸಿದಾಗ ರಾಯರ ತುಟಿ ನೀಲಿಯಾಗಿತ್ತು. ಎದೆಯ ಎಡಕ್ಕೆ ಸ್ಟೆತಸ್ಕೋಪ್ ಇಟ್ಟೆ. ಉಸಿರಿನ ಸದ್ದೇ ಇಲ್ಲ. ಮುರಿದ ಪಕ್ಕೆಲುಬು ಚುಚ್ಚಿ, ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ಸಿಕ್ಕಿಕೊಂಡಿತ್ತು.

"ಈಗಲೇ ಹತ್ತಿಸುವುದು ಬೇಡ," ಎಂದೆ.

ಪೈಲಟ್ ಆಕಾಶ ನೋಡಿದರು. "ಡಾಕ್ಟರ್, ಮೋಡ ಮುಚ್ಚಿದರೆ ವಿಮಾನ ಏಳುವ ಹಾಗಿಲ್ಲ."

ರಾಯರ ಹೆಂಡತಿ ಸುಶೀಲಾಬಾಯಿ ನನ್ನ ತೋಳು ಹಿಡಿದುಕೊಂಡರು. "ವಿಮಾನ ಮುಂದ ನಿಂತದ, ಇನ್ನೂ ಯಾಕ ತಡೀತೀರಿ? ಇಲ್ಲೇ ಏನರ ಆದ್ರ ನಾ ಏನ್ ಮಾಡ್ಲಿ?"

"ಅಮ್ಮಾ, ಮೇಲೆ ಹೋದಷ್ಟೂ ಒಳಗಿನ ಗಾಳಿ ಬಲೂನಿನ ಹಾಗೆ ಉಬ್ಬುತ್ತದೆ, ಹೃದಯವನ್ನೇ ಅದುಮುತ್ತದೆ. ಮೊದಲು ಅದನ್ನು ಹೊರಗೆ ಬಿಡಬೇಕು."

ಅವರು ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ತೋಳು ಬಿಟ್ಟು, "ಮಾಡ್ರಿ" ಎಂದರು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಪಕ್ಕೆಲುಬುಗಳ ನಡುವೆ ಕೊಳವೆ ತೂರಿಸಿದೆ. ಬುಸ್ಸೆಂದು ಗಾಳಿ ಹೊರಬಂತು. ಕೊಳವೆಯ ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿಡುವುದು ಕ್ರಮ. ಆದರೆ ಕುಲುಕುವ ವಿಮಾನದಲ್ಲಿ ಗಾಜಿನ ಬಾಟಲಿಯನ್ನು ನಂಬುವುದು ಹೇಗೆ? ಪೊಟ್ಟಣ ಒಡೆದು ಹೊಸ ರಬ್ಬರ್ ಕೈಗವಸೊಂದನ್ನು ತೆಗೆದೆ. ಅದರ ಬೆರಳೊಂದನ್ನು ಕತ್ತರಿಸಿ, ತುದಿ ಸೀಳಿ, ಕೊಳವೆಗೆ ಕಟ್ಟಿದೆ. ರಾಯರು ಉಸಿರು ಬಿಟ್ಟಾಗ ಆ ರಬ್ಬರ್ ಬೆರಳು ಗಾಳಿಯನ್ನು ಹೊರಗೆ ಬಿಡುತ್ತಿತ್ತು, ಎಳೆದುಕೊಂಡಾಗ ಮುಚ್ಚಿಕೊಳ್ಳುತ್ತಿತ್ತು. ಡ್ರಿಪ್ ಏರಿಸಿ, ನಾಡಿ ಹತೋಟಿಗೆ ಬರುವವರೆಗೆ ಕಾದೆ. ಪೈಲಟ್ಟೂ ಕಾದರು, ಗೊಣಗದೆ.

"ಆದಷ್ಟು ಕೆಳಗೇ ಹಾರಬಹುದೇ?"

"ತೆಂಗಿನಕಾಯಿ ಕೀಳುವಷ್ಟು ಕೆಳಗೆ ಬೇಡ ತಾನೇ?" ಎಂದರು.

ಸಮುದ್ರದ ಅಂಚಿನಗುಂಟ ಹಾರಿದೆವು. ರಾಯರ ತುಟಿಗೆ ಬಣ್ಣ ಬರುತ್ತಿದ್ದಂತೆ ನನ್ನದು ಇಳಿಯಿತು. ವಾಂತಿಯೋ ವಾಂತಿ! ಸುಶೀಲಾಬಾಯಿ ಒಂದು ಕೈಯಲ್ಲಿ ಗಂಡನ ಕೈಯನ್ನೂ ಇನ್ನೊಂದರಲ್ಲಿ ನನ್ನ ತಲೆಯನ್ನೂ ಹಿಡಿದು ಕೂತಿದ್ದರು. ತಿರುವನಂತಪುರದಲ್ಲಿ ಸ್ಟ್ರೆಚರ್ ತಂದವರು ರಾಯರನ್ನೂ ನನ್ನನ್ನೂ ನೋಡಿ, ಪೇಶೆಂಟ್ ಯಾರು ಎಂದು ಮಲಯಾಳದಲ್ಲಿ ಕೇಳಿದರು. ಮಲಗಿದ್ದಲ್ಲಿಂದಲೇ ರಾಯರು ಮೆಲ್ಲಗೆ ಬೆರಳೆತ್ತಿ ತಮ್ಮನ್ನು ತೋರಿಸಿಕೊಂಡರು. ಆಗಲೇ ನನಗೆ ಗೊತ್ತಾಯಿತು, ಇವರು ಉಳಿದರು ಎಂದು.

ಇಂದು ಅಡುಗೆಮನೆ ಕೆಲಸ ಅಲ್ಲೇ ಬಿಟ್ಟು ಧಾರವಾಡಕ್ಕೆ ಫೋನ್ ಮಾಡಿದೆ. ರಾಯರೇ ಎತ್ತಿಕೊಂಡರು. ಹೇಗಿದ್ದೀರಿ ಎಂದೆ. "ನೆಗಡಿ ಆಗೇದ್ರಿ, ಭಾಳೇನಿಲ್ಲ. ನಮ್ಮಾಕಿದು ಸುಮ್ನ ಗಾಬರಿ."

"ಫೋನ್ ಬಾಯಿಯ ಹತ್ತಿರ ಹಿಡಿದು ದೊಡ್ಡದಾಗಿ ಉಸಿರಾಡಿ, ನೋಡೋಣ."

ಅವರು ನಕ್ಕರು, ಆಮೇಲೆ ಉಸಿರಾಡಿದರು. ನೀಳವಾದ, ತುಂಬು ಉಸಿರು.

"ಮತ್ತೊಮ್ಮೆ," ಎಂದೆ. ಡಾಕ್ಟರಿಗೆ ಅದರ ಅಗತ್ಯವೇನೂ ಇರಲಿಲ್ಲ.