ಬೈಯುವವರಿಗೆ ಬಾಗಿಲು ತೆರೆದವರು: ನೆವಿಲ್ ಸ್ಕೋಲ್‌ಫೀಲ್ಡ್

ಕ್ರೀಡಾಸಂಸ್ಥೆಗಳ ಆಡಳಿತದಲ್ಲಿ ಹೆಸರು ಮಾಡಿದವರೆಂದರೆ ಸಾಮಾನ್ಯವಾಗಿ ಗೆದ್ದ ತಂಡಗಳ ಜೊತೆಗಿದ್ದವರು. ಕಪಾಟಿನ ತುಂಬ ಬೆಳ್ಳಿಯ ಬಟ್ಟಲುಗಳು ಹೊಳೆಯುತ್ತಿದ್ದರೆ ಅದರ ಮುಂದೆ ನಿಂತ ಕಾರ್ಯದರ್ಶಿಯೂ ಮಹಾ ಜಾಣನಂತೆ ಕಾಣುತ್ತಾನೆ. ಹಾರ್‌ಬೆಕ್ ರಗ್ಬಿ ಲೀಗ್ ಕ್ಲಬ್ಬಿನ ಕಾರ್ಯದರ್ಶಿಯಾಗಿ, ಮೈದಾನದ ಧ್ವನಿವರ್ಧಕದ ದನಿಯಾಗಿ ಮೂರು ದಶಕಗಳ ಕಾಲ ದುಡಿದು ಈ ಬೇಸಿಗೆಯಲ್ಲಿ ನಿವೃತ್ತರಾದ ಮಾನ್ಯ ನೆವಿಲ್ ಸ್ಕೋಲ್‌ಫೀಲ್ಡ್ ಅವರಿಗೆ ಆ ಭಾಗ್ಯ ಒದಗಲಿಲ್ಲ. ಅವರ ಕಾಲದಲ್ಲಿ ನಾವು ಗೆದ್ದದ್ದು ಅಪರೂಪ, ಸೋತದ್ದು ಯಥೇಚ್ಛ. ಆದರೆ ಸೋಲುತ್ತಲೇ ಇರುವ ತಂಡಕ್ಕೂ ಅದರ ಮೇಲೆ ಕೆಂಡ ಕಾರುತ್ತಲೇ ಇರುವ ಊರಿಗೂ ನಡುವೆ ಒಬ್ಬ ಮನುಷ್ಯ ಹೇಗೆ ನಿಲ್ಲಬೇಕೆಂಬ ವಿದ್ಯೆಯಲ್ಲಿ ಅವರನ್ನು ಸರಿಗಟ್ಟುವವರು ಯಾರ್ಕ್‌ಷೈರಿನ ನಮ್ಮ ಕಣಿವೆಯಲ್ಲಂತೂ ಯಾರೂ ಇಲ್ಲ. ಚಹಾದ ಕೌಂಟರಿನಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿ, ಈಗ ಅವರದೇ ಕುರ್ಚಿಯಲ್ಲಿ ಕೂರಬೇಕಾಗಿ ಬಂದಿರುವ ನಾನು ಈ ಮಾತನ್ನು ಉಪಚಾರಕ್ಕೆ ಹೇಳುತ್ತಿಲ್ಲ.

ನೆವಿಲ್ ಅವರು ಉಣ್ಣೆ ಗಿರಣಿಯ ಕಚೇರಿಯಲ್ಲಿದ್ದವರು. ಗಿರಣಿ ಮುಚ್ಚಿದ ವರ್ಷ ಕ್ಲಬ್ಬಿಗೆ ಬಂದರು. ಬಂದ ಮೊದಲ ಚಳಿಗಾಲದಲ್ಲೇ ಕಣಿವೆಯಾಚೆಯ ಕೆಲ್ಸ್‌ಡೆನ್ ತಂಡ ನಮ್ಮ ಮೈದಾನಕ್ಕೇ ಬಂದು ನಮ್ಮನ್ನು ಸದೆಬಡಿದು ಹೋಯಿತು. ಅಂದು ಸಂಜೆ ಆಟಗಾರರ ಕೊಠಡಿಯ ಹೊರಗೆ ಆಲಿಕಲ್ಲು ಬೀಳುತ್ತಿದ್ದರೂ ಜನ ಕದಲದೆ ನಿಂತು ಕೂಗಾಡುತ್ತಿದ್ದರು. ಒಳಗಿದ್ದ ಆಡಳಿತ ಮಂಡಳಿಯವರು ಪೊಲೀಸರನ್ನು ಕರೆಯೋಣವೇ ಎಂದು ಯೋಚಿಸುತ್ತಿದ್ದಾಗ ನೆವಿಲ್ ಬಾಗಿಲು ತೆಗೆದು, "ಅಲ್ರೀ, ಬೈಯೋದಿದ್ರೆ ಒಳಗೆ ಬಂದು ಬೆಚ್ಚಗೆ ನಿಂತು ಬೈರಿ. ಶೀತ ಹಿಡ್ಕೊಂಡ್ರೆ ಮುಂದಿನ ವಾರ ಬೈಯೋಕೆ ಗಂಟಲಿರಲ್ಲ" ಎಂದರಂತೆ. ಕೂಗುತ್ತಿದ್ದವರು ಏನು ಮಾಡಬೇಕೋ ತೋಚದೆ ಟೋಪಿ ಕೊಡವಿಕೊಂಡು ಒಬ್ಬೊಬ್ಬರಾಗಿ ಒಳಗೆ ಬಂದರು.

ನಮ್ಮ ಕ್ಲಬ್ಬಿನ 'ಬೈಗುಳದ ಚಹಾ' ಹುಟ್ಟಿದ್ದು ಹೀಗೆ. ಪಂದ್ಯ ಮುಗಿದ ಮೇಲೆ ಚಹಾದ ಕೋಣೆಯ ಬಾಗಿಲು ತೆರೆಯುತ್ತದೆ. ತರಬೇತುದಾರರೂ ಆಟಗಾರರ ಪೈಕಿ ಒಬ್ಬರೂ ಎದುರಿಗೆ ಕೂರಬೇಕು, ತಿರುಗಿ ಮಾತಾಡುವಂತಿಲ್ಲ. ಬಂದವರು ಏನು ಬೇಕಾದರೂ ಹೇಳಬಹುದು, ಆದರೆ ಕೈಯಲ್ಲಿರುವ ಚಹಾ ಮುಗಿಯುವ ತನಕ ಮಾತ್ರ. ಕಪ್ಪು ಖಾಲಿಯಾಯಿತೋ, ಸರದಿ ಮುಂದಿನವರದು. ಸರಳವಾದ ಈ ಕಟ್ಟಳೆಯಲ್ಲಿ ಅದೆಷ್ಟು ಜಾಣತನವಿದೆ ಎಂದು ನನಗೆ ಇಂದಿಗೂ ಸೋಜಿಗ. ಬಿಸಿ ಚಹಾ ಕೈಯಲ್ಲಿದ್ದಾಗ ಮುಷ್ಟಿ ಬಿಗಿಯಲು ಬರುವುದಿಲ್ಲ, ಗುಟುಕು ಗುಟುಕಿಗೂ ಬಾಯಿಗೆ ಬಿಡುವು ಕೊಡಲೇಬೇಕಾಗುತ್ತದೆ.

ಕಟ್ಟಳೆಯನ್ನು ಬಗ್ಗಿಸುವ ಕಲೆಯಲ್ಲಿ ನಿಸ್ಸೀಮರಾಗಿದ್ದವರು ಮೀನು ಕರಿಯುವ ಅಂಗಡಿಯ ಮ್ಯೂರಿಯೆಲ್ ಹರ್ಸ್ಟ್. ಊರಿಗೆಲ್ಲ ಅವರು ಮ್ಯೂರಿಯೆಲ್ ಆಂಟಿ. ಹಕ್ಕಿ ನೀರು ಕುಡಿದ ಹಾಗೆ ಚಹಾ ಹೀರುತ್ತ ತಂಡದ ಜನ್ಮ ಜಾಲಾಡುತ್ತಿದ್ದರು. ಅವರ ಹಿಂದೆ ಯಾವಾಗಲೂ ಕಾಯುತ್ತ ನಿಲ್ಲುತ್ತಿದ್ದವನು ನಲ್ಲಿ ಕೆಲಸದ ಡೆನ್ನಿಸ್ ಗಾರ್ಸೈಡ್.

"ಆಂಟಿ, ಅದು ಚಹಾನೋ ಕಷಾಯನೋ? ಬೇಗ ಕುಡೀರಿ. ನಂಗೂ ಹೊಟ್ಟೆ ಉರೀತಿದೆ."

"ನಿಂದು ಇವತ್ತಿನ ಉರಿ ಕಣೋ, ಸುಮ್ನಿರು. ನಂದು ನನ್ನ ಮದುವೆಗಿಂತ ಹಳೇದು."

ಆಗೆಲ್ಲ ನೆವಿಲ್ ನಗುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಕುತೂಹಲ. ಆಂಟಿ ಹೇಳುವ ಒಂದೊಂದು ಮಾತಿಗೂ, "ಅದು ಯಾವ ಕಡೆ ನಡೀತು? ನೀವು ನಿಂತ ಜಾಗದಿಂದ ಹೇಗೆ ಕಾಣಿಸ್ತು?" ಎಂದು ಕೆದಕಿ ಕೇಳುತ್ತಿದ್ದರು. ಪ್ರತಿ ಭಾನುವಾರ ಸಿಟ್ಟು ಮಾಡಿಕೊಳ್ಳಲೆಂದೇ ಬರುವ, ಬಂದದ್ದಕ್ಕೆ ತಮ್ಮನ್ನೇ ಶಪಿಸಿಕೊಂಡು ಹೋಗುವ, ಮತ್ತೆ ಮುಂದಿನ ಭಾನುವಾರ ಮೊದಲಿಗರಾಗಿ ಗೇಟಿನ ಬಳಿ ನಿಂತಿರುವ ಈ ಜನರ ಒಳಗುಟ್ಟೇನು? ಒಮ್ಮೆ ನಾನು ಕೇಳಿದ್ದಕ್ಕೆ ನೆವಿಲ್, "ಗೊತ್ತಿಲ್ಲ ಮರೀ, ಅದನ್ನ ತಿಳ್ಕೊಳೋಕೇ ನಾನೂ ಬರೋದು" ಎಂದರು.

ಅವರ ಉಪಕಾರಗಳೂ ಈ ಕುತೂಹಲದ ಬಳ್ಳಿಯಲ್ಲೇ ಬಿಟ್ಟಂಥವು. ಡೆನ್ನಿಸ್ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಕಾಲದಲ್ಲಿ, ನೆವಿಲ್ ಪಂದ್ಯ ಶುರುವಾಗುವ ಮೊದಲೇ ಅವನ ವಾರ್ಡಿಗೆ ಫೋನು ಮಾಡಿ, ಘೋಷಣೆಯ ಕೋಣೆಯ ಕಿಟಕಿಯಲ್ಲಿ ಕರೆ ಕಡಿಯದೆ ಫೋನನ್ನು ಇಟ್ಟುಬಿಡುತ್ತಿದ್ದರು. ಮೈದಾನದ ಗದ್ದಲವೆಲ್ಲ ಅವನ ಹಾಸಿಗೆಯ ಪಕ್ಕದಲ್ಲಿ ಕೇಳಿಸುತ್ತಿತ್ತು. ಎರಡನೆಯ ವಾರಕ್ಕೇ ದಾದಿಯೊಬ್ಬರು ಕರೆ ಮಾಡಿದರು. "ಸಾರ್, ನಿಮ್ಮ ದಮ್ಮಯ್ಯ, ಸ್ವಲ್ಪ ಗೆಲ್ಲೋಕೆ ಹೇಳಿ. ಇವರು ಕೂಗೋ ಕೂಗಿಗೆ ಪಕ್ಕದ ಹಾಸಿಗೆಯೋರಿಗೆ ರಕ್ತದೊತ್ತಡ ಏರ್ತಿದೆ." ಗೆಲ್ಲುವುದು ನಮ್ಮ ಕೈಲಿರಲಿಲ್ಲ. ಅವನಿಗೆ ಒಂಟಿ ಕೋಣೆ ಕೊಟ್ಟರು.

ಇದೇ ಡೆನ್ನಿಸ್ ಮುಂದೆ ಕ್ಲಬ್ಬಿನ ವಿರುದ್ಧ ಬಹಿಷ್ಕಾರ ಹೂಡಿದ. ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲೇ ಬೆಳೆದ ಒಬ್ಬನೇ ಒಬ್ಬ ಒಳ್ಳೆಯ ಆಟಗಾರನನ್ನು ಆಗಿನ ಅಧ್ಯಕ್ಷರು ಹೋಗಿ ಹೋಗಿ ಕೆಲ್ಸ್‌ಡೆನ್‌ಗೆ ಬಿಟ್ಟುಕೊಟ್ಟರು. ಹಿಂದೆಯೇ, ಎರಡೂ ಕ್ಲಬ್ಬುಗಳನ್ನು ಕೂಡಿಸಿ ಒಂದು ಮಾಡುತ್ತಾರೆ, ಆಟವೆಲ್ಲ ಇನ್ನು ಕೆಲ್ಸ್‌ಡೆನ್ ಮೈದಾನದಲ್ಲೇ, ನಮ್ಮ ಮೈದಾನದಲ್ಲಿ ಮನೆಗಳೇಳುತ್ತವೆ ಎಂಬ ಸುದ್ದಿ ಬಂತು. ಸುದ್ದಿ ಸುಳ್ಳಾಗಿರಲಿಲ್ಲ. ಪಂದ್ಯಾವಳಿ ನಡೆಸುವ ಲೀಗ್ ಸಂಸ್ಥೆಯ ಒಪ್ಪಿಗೆಯೊಂದೇ ಬಾಕಿಯಿತ್ತು. ಹಾರ್‌ಬೆಕ್ ಊರಿಗೆ ಒಂದು ತಂಡ ಬೇಕೋ ಬೇಡವೋ ಎಂದು ಕಣ್ಣಾರೆ ನೋಡಲು ಲೀಗಿನ ಪ್ರತಿನಿಧಿಯಾಗಿ ಒಬ್ಬ ಹಿರಿಯ ಮಹಿಳೆ ಒಂದು ಭಾನುವಾರ ಬರುವವರಿದ್ದರು. "ಇನ್ಮೇಲೆ ಒಬ್ಬನೂ ಗೇಟು ದಾಟಬಾರದು, ಖಾಲಿ ಮೈದಾನದಲ್ಲಿ ಆಡ್ಕೊಳ್ಳಲಿ" ಎಂದು ಡೆನ್ನಿಸ್ ಸಾರಿದ್ದು ಸರಿಯಾಗಿ ಅದೇ ಹೊತ್ತಿಗೆ!

ನೆವಿಲ್ ಅವನ ಮನೆಗೇ ಹೋದರು. ಜೊತೆಗೆ ನಾನೂ ಇದ್ದೆ.

"ಡೆನ್ನಿಸ್, ಖಾಲಿ ಮೈದಾನ ನೋಡಿದ್ರೆ ಅಧ್ಯಕ್ಷರಿಗೆ ನೋವಾಗಲ್ಲ ಕಣಯ್ಯಾ. ಅವರು ಆ ಮೇಡಂಗೆ ತೋರಿಸ್ಬೇಕು ಅಂತಿರೋದೇ ಅದನ್ನ."

"ಮತ್ತೆ ಒಳಗೆ ಬಂದು ಕೂತ್ರೆ? 'ನೋಡಿ, ಜನ ಖುಷಿಯಾಗೇ ಇದಾರೆ, ನಾನು ಮಾಡಿದ್ದೆಲ್ಲ ಸರಿ' ಅಂತಾರೆ ಅಧ್ಯಕ್ಷರು. ಅದೂ ಅವರಿಗೇ ಲಾಭ. ಹೇಳಿ, ಏನ್ಮಾಡ್ಲಿ?"

ನೆವಿಲ್ ಎದ್ದು ಬಾಗಿಲ ಕಡೆ ನಡೆದರು. ಅವರ ಕಣ್ಣಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅಂದು ಮರಳುವ ದಾರಿಯಲ್ಲಿ, ಅದೊಂದೇ ಸಲ.

ಭಾನುವಾರ ಬಂತು. ಸ್ಟ್ಯಾಂಡಿನಲ್ಲಿ ಎದುರಾಳಿ ತಂಡದ ಒಂದಷ್ಟು ಜನ, ನಮ್ಮ ಆಟಗಾರರ ಅಪ್ಪ ಅಮ್ಮಂದಿರು, ಅಷ್ಟೇ. ಅಧ್ಯಕ್ಷರು ಪ್ರತಿನಿಧಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮದುವೆಮನೆ ತೋರಿಸುವವರ ಹಾಗೆ ಒಂದೊಂದೇ ಖಾಲಿ ಬೆಂಚನ್ನು ತೋರಿಸುತ್ತಿದ್ದರು. ಆದರೆ ಮೈದಾನದ ಉತ್ತರಕ್ಕೆ, ಗೋಡೆಯಾಚೆ, ಹಳೆಯ ಕಲ್ಲಿದ್ದಲು ಗಣಿಯ ಮಣ್ಣು ಸುರಿದು ಆದ ದಿಬ್ಬವೊಂದಿದೆ. ಸದಾ ಹುಲ್ಲೂ ಕುರಿಗಳೂ ಇರುವ ಆ ದಿಬ್ಬದ ಮೇಲೆ ಅಂದು ಕುರಿಗೆ ನಿಲ್ಲಲೂ ಜಾಗವಿರಲಿಲ್ಲ. ಮೈದಾನಕ್ಕೆ ಕಾಲಿಡುವುದಿಲ್ಲವೆಂದು ಆಣೆ ಮಾಡಿದವರೆಲ್ಲ, ಪಂದ್ಯ ತಪ್ಪಿಸಿಕೊಳ್ಳುವ ಸಂಕಟ ತಾಳಲಾರದೆ, ಒಬ್ಬರಿಗೊಬ್ಬರು ಹೇಳದೆಯೇ ಬಂದು ಅಲ್ಲಿ ಸೇರಿಬಿಟ್ಟಿದ್ದರು. ಆಂಟಿ ಮಡಿಸುವ ಕುರ್ಚಿಯನ್ನೂ ತಂದಿದ್ದರು.

ಮೇಲೆ ಘೋಷಣೆಯ ಕೋಣೆಯಲ್ಲಿದ್ದ ನೆವಿಲ್ ಒಂದು ಕ್ಷಣ ಅತ್ತ ನೋಡಿದರು. ಸ್ಟೂಲು ಹತ್ತಿ, ಸ್ಟ್ಯಾಂಡಿನ ಕಡೆಗಿದ್ದ ಧ್ವನಿವರ್ಧಕದ ಬಾಯನ್ನು ದಿಬ್ಬದ ಕಡೆಗೆ ತಿರುಗಿಸಿದರು. ಅಧ್ಯಕ್ಷರು ದಡಬಡಿಸಿ ಮೇಲೆ ಬಂದರು.

"ಏನ್ರೀ ಇದು? ಟಿಕೆಟ್ ತಗೊಳ್ದೋರಿಗೆಲ್ಲ ಆಟದ ವಿವರ ಯಾಕ್ರೀ?"

"ಸರಿಯಾಗಿ ಕೇಳಿಸ್ದಿದ್ರೆ ತಪ್ಪು ಆಟಗಾರನ್ನ ಬೈದುಬಿಡ್ತಾರೆ ಸಾರ್. ಪಾಪ ಅಲ್ವಾ?"

ವಿರಾಮದಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳುವುದು ನಮ್ಮಲ್ಲಿ ವಾಡಿಕೆ. ಅಂದು ನೆವಿಲ್ ಅದನ್ನು ಮುಗಿಸಿ, ಮೈಕು ಕೆಳಗಿಡದೆ ದಿಬ್ಬದ ಮೇಲಿದ್ದವರನ್ನು ಹೆಸರು ಹಿಡಿದು ಕರೆಯತೊಡಗಿದರು. "ಮ್ಯೂರಿಯೆಲ್ ಹರ್ಸ್ಟ್, ಕುರ್ಚಿ ಇಳಿಜಾರಿಗೆ ಹಾಕ್ಕೊಂಡಿದೀರಿ, ಹುಷಾರು. ಡೆನ್ನಿಸ್, ನಿಂತೇ ಇದ್ರೆ ಸೊಂಟಕ್ಕೆ ಆಗಲ್ಲ ನಿಂಗೆ, ಕೂರೋ ಮಾರಾಯ." ಹೀಗೆ ಸಾಲುಸಾಲಾಗಿ, ಯಾರ ಮಗಳಿಗೆ ಮಗುವಾಯಿತು, ಯಾರ ಗಂಡನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು ಎಂದೆಲ್ಲ ವಿಚಾರಿಸುತ್ತ ಹೋದರು. ಅಷ್ಟು ವರ್ಷ ಬೈಗುಳ ಕೇಳಿದವರಿಗೆ ಊರೆಲ್ಲ ಬಾಯಿಪಾಠವಾಗಿತ್ತು. ದಿಬ್ಬದಿಂದ ಕೂಗು, ಸಿಳ್ಳೆ, ಒಂದೆರಡು ಪೋಲಿ ಮಾತುಗಳೂ ಉತ್ತರವಾಗಿ ಬಂದವು. ಯಾರೂ ಕೆಳಗಿಳಿಯಲಿಲ್ಲ. ಹಟವೆಂದರೆ ಹಟ. ಪ್ರತಿನಿಧಿ ಮಾತ್ರ ಖಾಲಿ ಬೆಂಚು ನೋಡುವುದನ್ನು ಬಿಟ್ಟು ದಿಬ್ಬದತ್ತ ತಿರುಗಿ ಕೂತರು.

ಪಂದ್ಯವನ್ನು ನಾವು ಸೋತೆವು, ಕೆಟ್ಟದಾಗಿ ಸೋತೆವು. "ಇವತ್ತು ಚಹಾ ಬೇಡ, ಬಾಗಿಲು ಹಾಕಿ" ಎಂದರು ಅಧ್ಯಕ್ಷರು. ನೆವಿಲ್ ಅದಾಗಲೇ ದೊಡ್ಡ ಹಂಡೆಯ ತುಂಬ ನೀರು ಕಾಯಿಸಿದ್ದರು.

"ಯಾರಿಗೆ ಸಾರ್ ಇಷ್ಟೊಂದು?" ಎಂದೆ.

"ನಂಗೂ ಗೊತ್ತಿಲ್ಲ. ನೋಡೋಣ ಅಂತ."

ಆಗ ನಡೆದದ್ದನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ದಿಬ್ಬವೆಲ್ಲ ಕರಗಿ ಕೆಳಗೆ ಹರಿದು ಬಂತು. ರಸ್ತೆ ದಾಟಿ, ಪಂದ್ಯ ಮುಗಿದ ಮೇಲೆ ಟಿಕೆಟ್ಟು ಕೇಳದ ಗೇಟು ಹೊಕ್ಕು, ಚಹಾದ ಕೋಣೆಯ ಮುಂದೆ ಶಿಸ್ತಾಗಿ ಸಾಲು ನಿಂತಿತು. ಬಹಿಷ್ಕಾರ ಇದ್ದದ್ದು ಪಂದ್ಯಕ್ಕೆ. ಬೈಗುಳದ ಚಹಾಕ್ಕೂ ಬಹಿಷ್ಕಾರವೆಂದು ಡೆನ್ನಿಸ್ ಎಲ್ಲೂ ಹೇಳಿರಲಿಲ್ಲ, ಯಾರಿಗೂ ಹಾಗೆ ಹೊಳೆದೂ ಇರಲಿಲ್ಲ!

ಮೊದಲ ಕಪ್ಪು ಡೆನ್ನಿಸ್‌ನದು. ಎಡಗಡೆಯ ಆಟಗಾರ ಮೂರು ಸಲ ಚೆಂಡು ಕೈಬಿಟ್ಟದ್ದನ್ನು ಅವನು ಎಳೆಎಳೆಯಾಗಿ ಬಿಡಿಸುತ್ತಿದ್ದಾಗ ಪ್ರತಿನಿಧಿ ನಡುವೆ ಬಾಯಿ ಹಾಕಿದರು.

"ಕ್ಷಮಿಸಿ, ನೀವು ಬಹಿಷ್ಕಾರ ಹಾಕಿದೀರಿ ಅಂತ ಕೇಳ್ದೆ?"

"ಹೌದು ಮೇಡಂ, ಕಟ್ಟುನಿಟ್ಟಾಗಿ."

"ಮತ್ತೆ ಇದೆಲ್ಲ ಹೇಗೆ ನೋಡಿದ್ರಿ?"

"ಸ್ವಲ್ಪ ಗಾಳಿ ಕುಡಿಯೋಣ ಅಂತ ದಿಬ್ಬಕ್ಕೆ ಹೋಗಿದ್ದೆ. ಅಕಸ್ಮಾತ್ ಕಣ್ಣಿಗೆ ಬಿತ್ತು."

"ಇಷ್ಟೂ ಜನಾನಾ?"

"ಒಳ್ಳೇ ಗಾಳಿ ಮೇಡಂ ಅಲ್ಲಿ."

ಆಂಟಿಯ ಸರದಿ ಬಂತು. ಕ್ಲಬ್ಬುಗಳನ್ನು ಕೂಡಿಸುವ ಬಗ್ಗೆ ಮಾತಾಡಕೂಡದೆಂದು ನೌಕರರಿಗೆಲ್ಲ ಕಟ್ಟಪ್ಪಣೆಯಾಗಿತ್ತು. ಅಭಿಪ್ರಾಯ ಹೇಳಬಾರದು, ಸರಿ, ಪ್ರಶ್ನೆ ಕೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ಅಧ್ಯಕ್ಷರೂ ಪ್ರತಿನಿಧಿಯೂ ಪಕ್ಕದಲ್ಲಿರುವಾಗಲೇ ನೆವಿಲ್ ಕೇಳಿದರು.

"ಮ್ಯೂರಿಯೆಲ್, ನಿಜ ಹೇಳಿ. ಬರೋ ವರ್ಷ ಕೆಲ್ಸ್‌ಡೆನ್‌ನಲ್ಲಿ ಒಳ್ಳೇ ತಂಡ ಆಡುತ್ತೆ, ಗೆಲ್ಲುತ್ತೆ. ಬಸ್ಸು ನಿಮ್ಮನೆ ಮುಂದೇನೇ ನಿಲ್ಲುತ್ತೆ. ಹೋಗ್ತೀರಾ?"

ಆಂಟಿ ಚಹಾವನ್ನೇ ನೋಡುತ್ತ ಕೂತರು. ತನ್ನ ಸರದಿ ಮುಗಿಸಿ ಪಕ್ಕದಲ್ಲಿ ನಿಂತಿದ್ದ ಡೆನ್ನಿಸ್ ಕೂಡ ಅವಸರ ಮಾಡಲಿಲ್ಲ. ಕೊನೆಗೆ ತಲೆಯೆತ್ತಿದಾಗ ಆ ಗಟ್ಟಿಗಿತ್ತಿಯ ಕಣ್ಣು ತುಂಬಿತ್ತು.

"ಹೋಗಿ ಯಾರನ್ನ ಬೈಯ್ಲಿ ನೆವಿಲ್? ಗೆದ್ರೂ ಸೋತ್ರೂ, ಅವರು ನಂಗೇನಾಗ್ಬೇಕು?"

ಎದುರಿಗೆ ಕೂತಿದ್ದ ಎಡಗಡೆಯ ಆಟಗಾರ, ಅರ್ಧ ಗಂಟೆಯಿಂದ ಎಲ್ಲರ ಕೈಲಿ ಮಂಗಳಾರತಿ ಮಾಡಿಸಿಕೊಂಡವನು, ಎದ್ದು ಹೋಗಿ ಆಂಟಿಯ ಕಪ್ಪಿಗೆ ಇನ್ನೊಂದಿಷ್ಟು ಬಿಸಿ ಚಹಾ ಹಾಕಿದ. ಪ್ರತಿನಿಧಿ ತಾವೂ ಒಂದು ಕಪ್ಪು ಕೇಳಿ ಪಡೆದು, ಕೊನೆಯ ಮನುಷ್ಯ ಬೈದು ಮುಗಿಸುವ ತನಕ ಕೂತಿದ್ದರು.

ಲೀಗು ಒಪ್ಪಿಗೆ ಕೊಡಲಿಲ್ಲ. ಆ ಅಧ್ಯಕ್ಷರು ವರ್ಷದೊಳಗೆ ಜಾಗ ಖಾಲಿ ಮಾಡಿದರು. ಕ್ಲಬ್ಬು ಉಳಿಯಿತು. ಪಟ್ಟಿಯ ಬುಡದಲ್ಲೇ ಉಳಿಯಿತೆನ್ನಿ, ಆದರೆ ಹಾರ್‌ಬೆಕ್‌ನಲ್ಲೇ ಉಳಿಯಿತು. ಡೆನ್ನಿಸ್ ಮುಂದಿನ ಪಂದ್ಯಕ್ಕೆ ಗೇಟಿನಿಂದಲೇ ಬಂದು, ದಿಬ್ಬದಿಂದ ಆಟ ಇದಕ್ಕಿಂತ ಚೆನ್ನಾಗಿ ಕಾಣುತ್ತಿತ್ತೆಂದು ದೂರಿದ. ತಂಡ ಸೋತಾಗ ಸಿಟ್ಟು ಬರುವುದು ಅದು ನಮ್ಮದು ಎಂಬುದಕ್ಕೇ. ಇದನ್ನು ಹೇಳುವುದು ಸುಲಭ. ಆ ಸಿಟ್ಟನ್ನು ಮೂರು ದಶಕ ಕೂತು ಕೇಳುವ ಎದೆಗಾರಿಕೆ ಎಲ್ಲರಿಗೆಲ್ಲಿಂದ ಬರಬೇಕು? ನನಗೆ ಬರುತ್ತದೋ ಇಲ್ಲವೋ, ದೇವರೇ ಬಲ್ಲ.

ನಿವೃತ್ತರಾದ ಮರುವಾರ ನೆವಿಲ್ ಅವರು ಟಿಕೆಟ್ಟು ಕೊಂಡು, ಮ್ಯೂರಿಯೆಲ್ ಆಂಟಿಯ ಪಕ್ಕದಲ್ಲಿ ನಿಂತು ಪಂದ್ಯ ನೋಡಿದರು. ಕ್ಲಬ್ಬಿನ ಸಂಬಳ ತಿನ್ನುವ ತನಕ ತಂಡದ ಬಗ್ಗೆ ಒಂದು ಕಟುವಾದ ಮಾತನ್ನೂ ಆಡದಿದ್ದ ಆ ಸೌಮ್ಯಮೂರ್ತಿ, ಚೆಂಡು ಮೊದಲ ಸಲ ಕೈಜಾರಿದ್ದೇ ತಡ, ನಾನು ಇಲ್ಲಿ ಬರೆಯಲಾಗದ ಒಂದು ಮಾತನ್ನು ಇಡೀ ಮೈದಾನಕ್ಕೆ ಕೇಳುವಂತೆ, ಅದೂ ಮೈಕಿಲ್ಲದೆ, ಕೂಗಿದರು. ಆಂಟಿ ಬೆಚ್ಚಿಬಿದ್ದು ಅವರ ತೋಳು ಹಿಡಿದೆಳೆದರು. "ಥೂ, ಬಾಯ್ ಮುಚ್ಚು ನೆವಿಲ್! ಪಾಪ, ಹುಡುಗ್ರು ಕೈಲಾದಷ್ಟು ಆಡ್ತಿದಾರೆ!"

ಅವರು ನುಂಗಿಕೊಂಡದ್ದೆಲ್ಲ ಇನ್ನೂ ಒಳಗೇ ಇದೆಯೆಂದು ಆಗ ನಮಗೆ ತಿಳಿಯಿತು. ಮಾನ್ಯ ನೆವಿಲ್ ಸ್ಕೋಲ್‌ಫೀಲ್ಡ್ ಅವರಿಗೆ ಅದಷ್ಟನ್ನೂ ಕೂಗಿ ಮುಗಿಸುವಷ್ಟು ದೀರ್ಘಾಯುಷ್ಯವನ್ನೂ, ಅದಕ್ಕೆ ತಕ್ಕ ಗಂಟಲನ್ನೂ ಭಗವಂತ ಕರುಣಿಸಲಿ. ಸೋಲುವ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ.