ಹುಲಿಯೂರುದುರ್ಗಕ್ಕೆ ಹೋದ ಟ್ಯಾಂಕು

ಭಾನುವಾರ ಬೆಳಗ್ಗೆ ಉಪ್ಪಾರಹಳ್ಳಿಯ ನಮ್ಮ ಮನೆಯ ಗೇಟಿನಿಂದ ಬೈಕನ್ನು ಹೊರಗೆ ತಂದಾಗ ನನ್ನ ಕಾರ್ಯಕ್ರಮ ಬಹಳ ಸಣ್ಣದು: ಗುಬ್ಬಿಗೆ ಹೋಗುವುದು, ಇಡ್ಲಿ ತಿನ್ನುವುದು, ವಾಪಸು ಬರುವುದು. ಹೋಗಿ ಬರಲು ಹೆಚ್ಚೆಂದರೆ ನಲವತ್ತು ಕಿಲೋಮೀಟರ್. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ ಇರುವ ಕಾಲದಲ್ಲಿ, ಲೀಟರಿಗೆ ನೂರು ದಾಟಿದ ಪೆಟ್ರೋಲು ಸುಟ್ಟುಕೊಂಡು ಇಡ್ಲಿಗೆ ಹೋಗುವವಳನ್ನು ಏನೆಂದು ಕರೆಯಬೇಕೋ ಹಾಗೆ ನನ್ನ ಗಂಡ ಹಿಂದಿನ ದಿನವೇ ಕರೆದು ಮುಗಿಸಿದ್ದರು. ಊಟದ ಹೊತ್ತಿಗೆ ಬಾ, ತಳ್ಳಿಕೊಂಡಾದರೂ ಬಾ ಎಂದು ಹೇಳಿ ಪೇಪರು ಹಿಡಿದು ಕೂತರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಲವತ್ತು ದಾಟಿದ ಮೇಲೆ ಬೈಕಿನ ಹುಚ್ಚು ಹಿಡಿಯಿತು. ಬೇಸಿಗೆ ರಜೆಯಲ್ಲಿ ಗುಜರಿ ಅಂಗಡಿಯೊಂದರಿಂದ ಒಂದು ಹಳೇ ಬೈಕನ್ನು ಆಟೋದಲ್ಲಿ ಹೇರಿಕೊಂಡು ತಂದು, ಮೆಟ್ಟಿಲ ಕೆಳಗೆ ನಿಲ್ಲಿಸಿಕೊಂಡು, ಫೋನಿನಲ್ಲಿ ವಿಡಿಯೋ ನೋಡುತ್ತಾ ನಾನೇ ಬಿಚ್ಚಿದೆ, ನಾನೇ ಜೋಡಿಸಿದೆ. ಸೀಟಿಗೆ ನಮ್ಮ ಹಳೇ ಹಾಸಿಗೆಯ ಫೋಮು ಕತ್ತರಿಸಿ ಹಾಕಿದೆ. ಎತ್ತರದ ಹೊಸ ಹ್ಯಾಂಡಲ್ ಕೂರಿಸಿದೆ, ಆದರೆ ಹ್ಯಾಂಡಲ್ ಎತ್ತರವಾದರೆ ಆಕ್ಸಿಲರೇಟರ್ ಕೇಬಲ್ಲೂ ಉದ್ದದ್ದೇ ಹಾಕಬೇಕೆಂದು ಯಾವ ವಿಡಿಯೋದವನೂ ನನಗೆ ಹೇಳಲಿಲ್ಲ. ಹಾಗಾಗಿ ಬಲಕ್ಕೆ ಪೂರ್ತಿ ತಿರುಗಿಸಿದಾಗಲೆಲ್ಲ ಕೇಬಲ್ ತಾನೇ ಎಳೆದುಕೊಂಡು ಇಂಜಿನ್ನು ಕಿರುಚುತ್ತಿತ್ತು. ಬಲತಿರುವು ಕಡಿಮೆ ಇರುವ ದಾರಿಯಲ್ಲಿ ಹೋದರಾಯಿತು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಟ್ಯಾಂಕಿನದು ಬೇರೆಯೇ ಕಥೆ. ಕಪ್ಪು ಬಣ್ಣ ಉಜ್ಜಿದರೆ ಕೆಳಗೆ ಕೆಂಪು ಬಂತು. ಕೆಂಪು ಉಜ್ಜುತ್ತಾ ಹೋದರೆ ಹಳದಿ ಅಕ್ಷರಗಳು ಮೇಲೆದ್ದವು: ಶ್ರೀ ಹೊನ್ನಾದೇವಿ ಕೃಪೆ. ಯಾರೋ ಕೈಯಲ್ಲೇ ಬರೆದದ್ದು. ಬರೆಯುತ್ತಾ ಹೋದಂತೆ ಜಾಗ ಸಾಲದೆ ಕೊನೆಯ ಪದ ಕೆಳಗೆ ಬಾಗಿ ಜಾರಿಕೊಂಡಿತ್ತು. ನಾನು ಉಪ್ಪುಕಾಗದ ಎತ್ತಿದ್ದೇ ತಡ, ಹಿಂದೆ ನಿಂತಿದ್ದ ನಮ್ಮತ್ತೆ ನನ್ನ ಕೈ ಹಿಡಿದರು. ದೇವರ ಹೆಸರನ್ನು ಉಪ್ಪುಕಾಗದ ಹಾಕಿ ಉಜ್ಜುವ ಸೊಸೆ ಈ ಮನೆಯಲ್ಲಿ ಇರಕೂಡದು ಎಂಬರ್ಥದ ಮಾತಾಡಿ ಉಪ್ಪುಕಾಗದವನ್ನೇ ಕಿತ್ತುಕೊಂಡು ಹೋದರು. ಕೊನೆಗೆ ಅಕ್ಷರಗಳನ್ನು ಹಾಗೇ ಬಿಟ್ಟು ಸುತ್ತ ಹಸಿರು ಹೊಡೆದೆ. ಅತ್ತೆ ಕನ್ನಡಕ ಹಾಕಿಕೊಂಡು ಕೂತು, ಹಳೇ ಅಕ್ಷರಗಳ ಮೇಲೇ ಬಂಗಾರದ ಬಣ್ಣ ತೀಡಿದರು. ನಮ್ಮ ಮನೆದೇವರು ಹೊನ್ನಾದೇವಿಯಲ್ಲ. ಆ ದೇವಿಯ ಗುಡಿ ಎಲ್ಲಿದೆಯೆಂದೂ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೇಲ್ಸೇತುವೆ ಇಳಿದು ಬಿ.ಎಚ್. ರಸ್ತೆ ಸೇರಿದೆ. ಮೋಡ ಕವಿದಿತ್ತು, ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಐವತ್ತರ ವೇಗ ದಾಟಿದರೆ ಕನ್ನಡಿಗಳು ಅದುರಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಎಡಗಡೆಯ ಇಂಡಿಕೇಟರ್ ಉದುರಿತು. ಅದನ್ನು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡೆ. ಅಷ್ಟು ಬಿಟ್ಟರೆ ಗಾಡಿ ನನ್ನನ್ನು ಗುಬ್ಬಿಗೆ ಮುಟ್ಟಿಸಿತು. ನಾನು ಜೋಡಿಸಿದ ವಸ್ತುವೊಂದು ಒಂದೂರಿನಿಂದ ಇನ್ನೊಂದೂರಿಗೆ ಬಂತಲ್ಲ ಎಂಬ ಹಿಗ್ಗಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದೆ.

ಹೋಟೆಲಿನಿಂದ ಹೊರಗೆ ಬಂದಾಗ ಬೈಕಿನ ಮುಂದೆ ವಯಸ್ಸಾದವರೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಪಕ್ಕದಲ್ಲಿ ತೆಂಗಿನಕಾಯಿ ತುಂಬಿದ ಚೀಲ. ಟ್ಯಾಂಕಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ನಾನು ಬೀಗದ ಕೈ ತೆಗೆದದ್ದನ್ನು ನೋಡಿ ಎದ್ದು ನಿಂತು, ಹ್ಯಾಂಡಲ್ ಹಿಡಿದುಕೊಂಡರು.

"ಇದು ನಂದು ಕಣಮ್ಮ," ಅಂದರು.

ಕದ್ದ ಮಾಲು ಕೊಂಡ ಟೀಚರು ಎಂದು ಶಾಲೆಯಲ್ಲಿ, ಬೀದಿಯಲ್ಲಿ ಆಡಿಕೊಳ್ಳುವುದೆಲ್ಲ ಒಂದೇ ಗಳಿಗೆಯಲ್ಲಿ ಕಿವಿಗೆ ಕೇಳಿಸಿತು. ಬ್ಯಾಗಿನಿಂದ ಆರ್.ಸಿ. ತೆಗೆದೆ. ಅವರು ಅದನ್ನು ನೋಡಲೂ ಇಲ್ಲ. ಬಗ್ಗಿ ಇಂಜಿನ್ನಿನ ತಳ ಸವರಿದರು. ತಮ್ಮ ಇಂಜಿನ್ನಿಗೆ ಅಲ್ಲೊಂದು ಬೆಸುಗೆ ಇತ್ತಂತೆ, ಇದಕ್ಕಿಲ್ಲ. ಚಕ್ರ ನೋಡಿದರು, ಅದೂ ಅಲ್ಲ. ಚಾಸಿ ಅಂತೂ ಅಲ್ಲವೇ ಅಲ್ಲ, ನಂಬರು ಬಾಯಿಪಾಠ ಇದೆ ಎಂದರು. ಕೊನೆಗೆ ಟ್ಯಾಂಕು ಒಂದೇ ತಮ್ಮದು ಎಂದು ತೀರ್ಮಾನವಾಯಿತು. ಗುಜರಿಯವನು ನನಗೆ ಕೊಟ್ಟದ್ದು ಒಂದು ಬೈಕಲ್ಲ, ನಾಲ್ಕಾರು ಬೈಕುಗಳ ಚೂರು ಎಂದು ನನಗೆ ತಿಳಿದದ್ದು ಆಗಲೇ.

ಅವರ ಹೆಸರು ನಂಜಪ್ಪ, ಊರು ಹುಲಿಯೂರುದುರ್ಗದ ಹತ್ತಿರ. ಚೇಳೂರಿಗೆ ಕೊಟ್ಟಿದ್ದ ಮಗಳನ್ನು ನೋಡಿಕೊಂಡು, ಅವಳು ಕೊಟ್ಟ ಕಾಯಿ ಹೊತ್ತು, ಊರ ಕಡೆಯ ಬಸ್ಸಿಗೆ ಕಾಯುತ್ತಿದ್ದವರು. ಹಲವು ವರ್ಷಗಳ ಹಿಂದೆ ಕುಣಿಗಲ್ ಸಂತೆಯಲ್ಲಿ ನಿಲ್ಲಿಸಿದ್ದ ಅವರ ಬೈಕು ಕಳುವಾಯಿತು. ಕಳುವಾಯಿತು ಎಂದು ಅವರು ಹೇಳಿದರು. ಹೆಂಡತಿ ನಂಬಲಿಲ್ಲ. ಇಸ್ಪೀಟಿನಲ್ಲಿ ಸೋತು ಬಂದಿದ್ದಾನೆ ಎಂದು ಊರಿಗೆಲ್ಲ ಹೇಳಿದರು. ಅಂದಿನಿಂದ ಇಂದಿನವರೆಗೆ ಕಾಯಿ ಮಾರುವುದು, ರಾಗಿ ಮಾರುವುದು ಎಲ್ಲ ಆಕೆಯೇ. ಇವರ ಕೈಗೆ ಬಸ್ ಚಾರ್ಜು ಬಿಟ್ಟು ಬೇರೇನೂ ಇಲ್ಲ.

"ನಾನು ಇಸ್ಪೀಟ್ ಎಲೆ ಮುಟ್ಟಿದೋನೇ ಅಲ್ಲ ತಾಯಿ. ಗಾಡಿ ಬೇಡ, ಟ್ಯಾಂಕೂ ಬೇಡ. ನೀನು ಬಂದು ನಮ್ಮನೆಯವ್ಳ ಮುಂದೆ, ಇದು ಗುಜ್ರೀಲಿ ಸಿಕ್ತು ಅಂತ ಒಂದ್ ಮಾತು ಹೇಳ್ಬುಡು. ನಾನ್ ಸಾಯೋದ್ರೊಳ್ಗೆ ಅವ್ಳು ನಂಬ್ಲಿ."

ಹೋಗಬಾರದೆಂದು ಬುದ್ಧಿ ಹೇಳಿತು. ಊರಿಗೆ ಹೋದ ಮೇಲೆ ನಾಲ್ಕು ಜನ ಸೇರಿ ಗಾಡಿ ಹಿಡಿದುಕೊಂಡರೆ? ಆದರೆ ಆ ಮನುಷ್ಯ ಹ್ಯಾಂಡಲ್ ಬಿಟ್ಟು, ಎರಡೂ ಕೈ ಜೋಡಿಸಿ ನಿಂತಿದ್ದರು. ಗಂಡನಿಗೆ ಫೋನು ಮಾಡಿ ಊಟಕ್ಕೆ ಕಾಯಬೇಡಿ ಎಂದೆ. ಕಾರಣ ಕೇಳುವ ಮೊದಲೇ ಫೋನಿಟ್ಟೆ, ಏಕೆಂದರೆ ಕಾರಣ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಹೆಂಗಸಿನ ಹಿಂದೆ ಬೈಕಿನಲ್ಲಿ ಕೂರುವುದೆಂದರೆ ನಂಜಪ್ಪನವರಿಗೆ ಸಾವೇ ಬಂದಂತಾಯಿತು. ಬಸ್ಸಿನಲ್ಲೇ ಬರುತ್ತೇನೆ, ನೀನು ಹಿಂದೆ ಬಾ ಎಂದರು. ಹಾಗೆ ಬಂದರೆ ನಾನು ನಡುವೆ ತಪ್ಪಿಸಿಕೊಂಡೇನೆಂಬ ಅನುಮಾನವೂ ಬಂದಿರಬೇಕು, ಕೊನೆಗೆ ಹತ್ತಿದರು. ಕಾಯಿಚೀಲವನ್ನು ನನ್ನ ಬೆನ್ನಿಗೂ ಅವರ ಎದೆಗೂ ನಡುವೆ ಗೋಡೆಯ ಹಾಗೆ ಇಟ್ಟುಕೊಂಡರು. ಹಾಸಿಗೆಯ ಫೋಮು ಇಬ್ಬರ ಮತ್ತು ಕಾಯಿಚೀಲದ ಭಾರಕ್ಕೆ ಅಪ್ಪಚ್ಚಿಯಾಯಿತು. ಅವರ ತಲೆಗೆ ಹೆಲ್ಮೆಟ್ ಇರಲಿಲ್ಲವಾದ್ದರಿಂದ ಒಳರಸ್ತೆ ಹಿಡಿದೆವು.

ಗುಬ್ಬಿಯಿಂದ ಹೆಬ್ಬೂರು ಹಾದು ಕುಣಿಗಲ್ಲಿಗೆ ನಲವತ್ತು ಕಿಲೋಮೀಟರಿನ ಮೇಲಾಗುತ್ತದೆ. ರಾಗಿ ಕಟಾವಿನ ಕಾಲ. ಊರೂರ ಹತ್ತಿರವೂ ಟಾರು ರಸ್ತೆಯ ಮೇಲೇ ರಾಗಿ ತೆನೆ ಹರಡಿದ್ದರು. ಬಸ್ಸು, ಲಾರಿ ಹರಿದು ಕಾಳು ಬಿಡಲಿ ಎಂದು. ನಾಲ್ಕು ಚಕ್ರದವರಿಗೆ ಅದು ಹಾಸಿಗೆ, ಎರಡು ಚಕ್ರದವರಿಗೆ ಜಾರುಬಂಡೆ. ಮೊದಲ ಹಾಸಿನ ಮೇಲೇ ಹಿಂದಿನ ಚಕ್ರ ಒಂದು ಕಡೆಗೆ, ನಾವು ಇನ್ನೊಂದು ಕಡೆಗೆ ಹೋದೆವು. ಬೀಳಲಿಲ್ಲ. ಬ್ರೇಕು ಮುಟ್ಟಬೇಡ, ಆಕ್ಸಿಲರೇಟರ್ ಕೊಡಬೇಡ, ಸುಮ್ಮನೆ ಹೊನ್ನಾದೇವಿಯನ್ನು ನೆನೆಸಿಕೊಂಡು ನೆಟ್ಟಗೆ ಹೋಗು ಎಂದು ಹಿಂದಿನಿಂದ ಸೂಚನೆ ಬಂತು. ತೆನೆ ಹರವುತ್ತಿದ್ದ ಹೆಂಗಸರು ನಗುತ್ತಾ ನಮ್ಮನ್ನು ನೋಡಿದರು. ನಂಜಪ್ಪ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡರು.

ಕುಣಿಗಲ್ಲಿನ ದೊಡ್ಡ ಕೆರೆಯ ಏರಿಯ ಮೇಲೆ ನಿಲ್ಲಿಸಿ ಇಂಜಿನ್ನು ತಣಿಯಲು ಬಿಟ್ಟೆವು. ನೀರು ತುಂಬಿತ್ತು. ನಂಜಪ್ಪ ಟೀ ಬೇಡವೆಂದರು. ಸಂತೆಯ ಕಡೆಗೆ ಕೈ ತೋರಿಸಿ, ಬೈಕು ನಿಲ್ಲಿಸಿದ್ದ ಹುಣಸೆಮರದ ಕೆಳಗೆ ಆ ದಿನ ಕತ್ತಲಾಗುವವರೆಗೆ ನಿಂತಿದ್ದೆ, ಯಾರೋ ಗುರುತಿನವರು ತಮಾಷೆಗೆ ತೆಗೆದುಕೊಂಡು ಹೋಗಿರಬಹುದು, ತಂದುಬಿಡುತ್ತಾರೆ ಎಂದುಕೊಂಡಿದ್ದೆ ಎಂದರು. ಹುಲಿಯೂರುದುರ್ಗದ ಬೋಳು ಬೆಟ್ಟ ದೂರದಿಂದ ಕಂಡಾಗ, ಅವಳು ನಂಬುತ್ತಾಳಾ ಎಂದು ನನ್ನನ್ನೇ ಕೇಳಿದರು.

ಅವರ ಬೀದಿಗೆ ಬಲಕ್ಕೆ ತಿರುಗಬೇಕಿತ್ತು. ಹ್ಯಾಂಡಲ್ ತಿರುಗಿಸಿದೆ, ಬೈಕು ಬೀದಿಯೆಲ್ಲ ಎದ್ದು ಕೂರುವಂತೆ ಕಿರುಚಿತು. ಬಾಗಿಲು ಬಾಗಿಲಿಂದಲೂ ಜನ ಹೊರಗೆ ಬಂದರು. ಗಂಡ ಯಾರೋ ಹೆಂಗಸಿನ ಬೆನ್ನಿಗಂಟಿಕೊಂಡು, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಬಂದಿಳಿದದ್ದನ್ನು ನಂಜಪ್ಪನವರ ಹೆಂಡತಿ ಗೌರಮ್ಮ ಜಗಲಿಯ ಮೇಲೆ ನಿಂತು ನೋಡಿದರು. ಆ ನೋಟಕ್ಕೆ ನಾನು ಹೆಲ್ಮೆಟ್ ತೆಗೆಯಲೂ ಹೆದರಿದೆ.

ನಂಜಪ್ಪ ಟ್ಯಾಂಕಿನ ಕಡೆ ಬೆರಳು ತೋರಿಸಿ ನಿಂತುಬಿಟ್ಟರು. ಗೌರಮ್ಮ ಇಳಿದು ಬಂದರು. ಬಾಗಿದ ಆ ಕೊನೆಯ ಪದವನ್ನು ಬಹಳ ಹೊತ್ತು ನೋಡಿದರು.

"ಇವ್ನು ಬರೀವಾಗ ಬಣ್ಣದ್ ಲೋಟ ಹಿಡ್ಕಂಡು ನಿಂತಿದ್ದೋಳು ನಾನು," ಅಂದರು. "ಜಾಗ ಸಾಲಲ್ಲ, ಸಣ್ಣಕ್ ಬರಿ ಅಂದ್ರೂ ಕೇಳ್ನಿಲ್ಲ."

ಹಾಗೆಂದು ನಂಬಿದರು ಎಂದಲ್ಲ. ಮಾರಿದ್ದರೂ ಟ್ಯಾಂಕು ಹೀಗೇ ಕೈಯಿಂದ ಕೈಗೆ ಹೋಗುತ್ತಿತ್ತಲ್ಲ ಎಂದರು. ಗುಜರಿಯಲ್ಲಿ ಸಿಕ್ಕಿತು ಎಂಬ ನನ್ನ ಮಾತಿಗೆ ಅವರ ಹತ್ತಿರ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಅಷ್ಟು ದೂರ ಬಂದದ್ದು ದಂಡವಾಯಿತೆಂದು ನನ್ನ ಮನಸ್ಸು ಕುಸಿಯಿತು. ನಂಜಪ್ಪ ತಲೆ ತಗ್ಗಿಸಿದರು. ಆಮೇಲೆ ಗೌರಮ್ಮ, ಬಂಗಾರದ ಬಣ್ಣ ಯಾರು ಹೊಡೆದದ್ದು ಎಂದು ಕೇಳಿದರು. ನಮ್ಮತ್ತೆ ಎಂದೆ. ಹೆಸರು ಮೊದಲು ಕಾಣುತ್ತಲೇ ಇರಲಿಲ್ಲ, ಮೇಲೆ ಕಪ್ಪು, ಅದರ ಕೆಳಗೆ ಕೆಂಪು, ಎರಡೂ ಉಜ್ಜಿದ ಮೇಲೆ ಸಿಕ್ಕಿತು ಎಂದು ಸುಮ್ಮನೆ ಹೇಳಿದೆ.

ಗೌರಮ್ಮನ ಮುಖ ಬದಲಾಯಿತು.

"ಮುಚ್ಚಿದ್ರಾ?"

ಹೌದು, ಅಕ್ಷರ ಕೆರೆದಿರಲಿಲ್ಲ, ಮೇಲೆ ಬಣ್ಣ ಬಳಿದಿದ್ದರು ಅಷ್ಟೇ ಎಂದೆ.

"ದುಡ್ ಕೊಟ್ಟು ತಗಂಡವ್ನು ದೇವ್ರ ಹೆಸ್ರು ಯಾಕ್ ಮುಚ್ತಾನೆ? ಪೂಜೆ ಮಾಡ್ಸಿ ಮೆರಿಸ್ತಾನೆ. ಕದ್ದವ್ನೇ ಮುಚ್ಚಾದು. ಕೆರೆಯಕ್ಕೂ ಭಯ, ಕಾಣ್ಸಿದ್ರೂ ಭಯ." ಗೌರಮ್ಮ ಟ್ಯಾಂಕಿಗೆ ಕೈ ಊರಿ ನಿಂತರು. "ಹಂಗಾದ್ರೆ ಪಾಪ, ಪುಟ್ಟಮ್ಮನ್ ಗಂಡ ತಿಂದಿಲ್ಲ."

ಈಗ ದಂಗಾದದ್ದು ನಂಜಪ್ಪ. ಪುಟ್ಟಮ್ಮ ಎಂದರೆ ಗೌರಮ್ಮನ ವಾರಗಿತ್ತಿ, ನಂಜಪ್ಪನ ತಮ್ಮನ ಹೆಂಡತಿ. ಪಕ್ಕದ ಮನೆ, ನಡುವೆ ಒಂದೇ ಗೋಡೆ. ಇಬ್ಬರು ಹೆಂಗಸರಿಗೂ ವರ್ಷಗಳಿಂದ ಮಾತಿಲ್ಲ. ಬಚ್ಚಲು ನೀರಿನ ಜಗಳ ಎಂದೇ ನಂಜಪ್ಪ ತಿಳಿದಿದ್ದರು. ಗೌರಮ್ಮ ಜಗಲಿಯ ಅಂಚಿನಲ್ಲಿ ಕೂತು ಹೇಳಿದರು: ಬೈಕು ಹೋದ ತಿಂಗಳಲ್ಲೇ ಮೈದುನ ಹೊಸ ಪಂಪ್‌ಸೆಟ್ ಕೂರಿಸಿದ. ತಮ್ಮನ ಮಾತಿಗೆ ಎಂದೂ ಇಲ್ಲ ಎನ್ನದ ಗಂಡ ಬೈಕು ಮಾರಿ ಅವನಿಗೆ ಕೊಟ್ಟಿದ್ದಾನೆ ಎಂದು ಮನಸ್ಸಿಗೆ ಬಂತು. ತಮ್ಮ ತಿಂದ ಎಂದರೆ ಮನೆತನದ ಮಾನ ಹೋಗುತ್ತದೆ. ಅದಕ್ಕೆ ಊರಿಗೆ ಇಸ್ಪೀಟು ಎಂದು ಹೇಳಿದ್ದು.

"ಇಷ್ಟ್ ವರ್ಸ ನನ್ನ ಜೂಜುಕೋರ ಮಾಡಿದ್ದು ಅದಕ್ಕಾ?" ಎಂದರು ನಂಜಪ್ಪ, ನಿಧಾನವಾಗಿ.

ಗೌರಮ್ಮ ಗಂಡನ ಮುಖ ನೋಡಲಾರದೆ ನನ್ನ ಕಡೆ ತಿರುಗಿ, ಇದನ್ನು ಬಿಚ್ಚಲು ಬರುತ್ತದಾ ಎಂದು ಕೇಳಿದರು. ಹೆದರಿದ್ದೇ ಆಯಿತು, ಟ್ಯಾಂಕು ಹೋಯಿತು ಎಂದುಕೊಂಡೆ. ಬಿಚ್ಚಲು ಬರುವುದಿಲ್ಲ ಎಂದು ಸುಳ್ಳು ಹೇಳುವ ಮನಸ್ಸಾಯಿತು; ಆ ಮನೆಯ ಮುಂದೆ ಇನ್ನೊಂದು ಸುಳ್ಳಿಗೆ ಜಾಗವಿಲ್ಲ ಎನ್ನಿಸಿತು. ಪೆಟ್ರೋಲ್ ಕೀ ತಿರುಗಿಸಿ, ಪೈಪು ಎಳೆದು, ಸೀಟಿನ ಕೆಳಗಿನ ಬೋಲ್ಟು ಬಿಚ್ಚಿದೆ. ಗೌರಮ್ಮ ಟ್ಯಾಂಕನ್ನು ನೀರು ತುಂಬಿದ ಬಿಂದಿಗೆಯ ಹಾಗೆ ಸೊಂಟಕ್ಕೇರಿಸಿಕೊಂಡು, ಬೀದಿಯವರೆಲ್ಲ ನೋಡುತ್ತಿರುವಂತೆಯೇ, ಪಕ್ಕದ ಮನೆಯ ಬಾಗಿಲಿಗೆ ನಡೆದರು.

ಬಾಗಿಲು ತೆರೆಯಿತು, ಮುಚ್ಚಿತು. ಒಳಗಿನ ಮಾತು ನಮಗೆ ಕೇಳಿಸಲಿಲ್ಲ. ಟ್ಯಾಂಕಿಲ್ಲದ ನನ್ನ ಬೈಕು ಮುಂದೆ, ಅದರ ಪಕ್ಕ ನಾನು, ಜಗಲಿಯ ಮೇಲೆ ನಂಜಪ್ಪ. ತುಂಬಾ ಹೊತ್ತಾದ ಮೇಲೆ ಗೌರಮ್ಮ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ಕೈ ಬರಿದಾಗಿತ್ತು. ಟ್ಯಾಂಕೆಲ್ಲಿ ಎಂದು ಕೇಳಿದೆ, ನನ್ನ ದನಿ ನನಗೇ ಚಿಕ್ಕದಾಗಿ ಕೇಳಿಸಿತು.

"ಊಟ ಮಾಡ್ದೆ ಕೊಡಾಕಿಲ್ವಂತೆ. ಎಲ್ರಿಗೂವೆ ಅಲ್ಲೇ ಎಲೆ ಹಾಕ್ತಾವ್ಳೆ, ಬಾ." ಹಾಗೆಂದವರು ಗಂಡನ ಕಡೆ ನೋಡದೆಯೇ ಸೇರಿಸಿದರು, "ನೀನೂ ಏಳು."

ಮುದ್ದೆ, ಅವರೇಕಾಳಿನ ಸಾರು. ನಂಜಪ್ಪ ಮತ್ತು ಅವರ ತಮ್ಮ ಅಕ್ಕಪಕ್ಕ ಕೂತು ಉಂಡರು. ಇಬ್ಬರೂ ಮಾತಾಡಿದ್ದು ಮಳೆಯ ವಿಷಯ ಮಾತ್ರ. ಬಡಿಸಿದ್ದು ಪುಟ್ಟಮ್ಮ. ಟ್ಯಾಂಕು ದೇವರ ಗೂಡಿನ ಮುಂದೆ ಇತ್ತು, ಅಕ್ಷರಗಳ ಮೇಲೆ ಅರಿಶಿನ ಕುಂಕುಮ ಬಿದ್ದಿತ್ತು. ಊಟವಾದ ಮೇಲೆ ಪುಟ್ಟಮ್ಮನೇ ತಂದು ಬೈಕಿನ ಮೇಲಿಟ್ಟರು, ನಾನು ಬೋಲ್ಟು ಬಿಗಿದೆ. ಇಟ್ಟುಕೊಳ್ಳಿ ಎಂದು ನಾನು ಒಂದು ಮಾತು ಹೇಳಿದ್ದು ನಿಜ. ದೇವಿ ತಿರುಗಾಡಿಕೊಂಡಿರಲಿ ಎಂದರು ಗೌರಮ್ಮ.

ಸಂಜೆಯ ಮೊದಲು ಮನೆ ಸೇರಬೇಕೆಂದು ಹೊರಟೆ. ಬೀದಿಯ ಇನ್ನೊಂದು ಕೊನೆಯಲ್ಲಿ ಬಲಕ್ಕೆ ತಿರುಗಿಸಿದಾಗ ಬೈಕು ಮತ್ತೆ ಕಿರುಚಿತು. ನಾಚಿಕೆಯಾಗಿ ಹಿಂತಿರುಗಿ ನೋಡಿದೆ. ನಂಜಪ್ಪ ತಮ್ಮ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಮನೆಗೆ ಕರೆಯುತ್ತಿದ್ದರು. ಗೌರಮ್ಮ ಪುಟ್ಟಮ್ಮನ ಜಗಲಿಯಿಂದ ಇನ್ನೂ ಎದ್ದಿರಲಿಲ್ಲ.